ವಾಸನೆಯ ಕಾಲಂ

ಶಿಲ್ಲಾಂಗ್
೧೨ ಸೆಪ್ಟೆಂಬರ್ ೨೦೨೩

ಮಾನ್ಯ ಚನ್ನಬಸವ್ವನವರಿಗೆ,

ಸಂಘಮಿತ್ರಾಳ ನಮಸ್ಕಾರ. ನಾಲ್ಕು ಸಲ ಫೋನ್ ಮಾಡಿದೆ. ಎರಡು ಸಲ ನೀವು ಎತ್ತಿದಿರಿ, ನನ್ನ ಹೆಸರು ಕೇಳಿದೊಡನೆ ಇಟ್ಟಿರಿ. ಈಗ ಮಾತಾಡುವ ಮನಸ್ಸಿರಲಾರದು ಎಂದುಕೊಂಡು ಕಾಗದ ಬರೆಯುತ್ತಿದ್ದೇನೆ.

ಮೇ ತಿಂಗಳಲ್ಲಿ ಶಿವಯೋಗೀಶ ಸರ್ ತೀರಿಕೊಂಡ ಸುದ್ದಿ ನನಗೆ ಮೂರು ದಿನ ತಡವಾಗಿ ತಿಳಿಯಿತು. ಬರಲಾಗಲಿಲ್ಲ. ಆರು ವರ್ಷ ಅವರ ಕೈಕೆಳಗೆ ಕಲಿತವಳು ನಾನು. ಅದಕ್ಕಿಂತ ಹೆಚ್ಚು ಏನು ಬರೆದರೂ ನಿಮ್ಮ ದುಃಖದ ಮುಂದೆ ಚೆನ್ನಾಗಿ ಕಾಣುವುದಿಲ್ಲ.

ಒಂದು ಕೆಲಸದ ಮಾತಿದೆ, ಕ್ಷಮಿಸಿ. ಒದ್ದೆ ಕಲ್ಲಿಗೆ ಹಸಿರು ನಾಲಿಗೆಯಂತೆ ಅಂಟಿಕೊಂಡು ಬೆಳೆಯುವ ಲಿವರ್‌ವರ್ಟ್‌ಗಳ ಮೇಲೆ ನಾವು ಕೆಲಸ ಮಾಡುತ್ತಿದ್ದೆವೆಂದು ನಿಮಗೆ ಗೊತ್ತು. ಸರ್ ಅವನ್ನು ಹಾವಸೆ ಎಂದೇ ಕರೆಯುತ್ತಿದ್ದರು. ಈ ಸಣ್ಣ ಗಿಡಗಳನ್ನು ಹುಳವೂ ತಿನ್ನುವುದಿಲ್ಲ, ಬೂಷ್ಟೂ ಹಿಡಿಯುವುದಿಲ್ಲ, ಏಕೆಂದರೆ ಒಂದೊಂದೂ ತನ್ನೊಳಗೆ ಒಂದೊಂದು ರಸಾಯನ ಬಚ್ಚಿಟ್ಟುಕೊಂಡಿರುತ್ತದೆ. ಉಣಕಲ್ ಕೆರೆಯ ಕೋಡಿಯ ಹತ್ತಿರದ ಹಳೆಯ ಗೋಡೆಯಿಂದ ತಂದ ಹಾವಸೆಯಲ್ಲಿ ಶೇಂಗಾ ಕೊಳೆಸುವ ಬೂಷ್ಟನ್ನು ತಡೆಯುವ ಒಂದು ರಸಾಯನ ನನಗೆ ಸಿಕ್ಕಿತ್ತು. ಅದರ ರಚನೆ ತಿಳಿಯುವ ಮೊದಲೇ ಮಾದರಿ ಮುಗಿದುಹೋಯಿತು. ಇಲ್ಲಿ ಮಾರ್ಚ್‌ವರೆಗೆ ನನಗೆ ಕೆಲಸವಿದೆ, ಯಂತ್ರಗಳೂ ಇವೆ. ಸರ್ ಮನೆಗೆ ಒಯ್ದ ಒಣ ಪೊಟ್ಟಣಗಳಲ್ಲಿ ೪೧ ಮತ್ತು ೪೪ ಉಳಿದಿವೆ. ಒಂದು ಉಣಕಲ್‌ನದು, ಇನ್ನೊಂದು ಕಲಘಟಗಿ ರಸ್ತೆಯ ಹಳ್ಳದ್ದು. ಒಣಗಿದ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಯಾವುದು ಎಲ್ಲಿಯದೆಂದು ಸರ್ ಟಿಪ್ಪಣಿ ಪುಸ್ತಕದಲ್ಲಿದೆ. ದಯವಿಟ್ಟು ನೋಡಿ, ಉಣಕಲ್‌ನ ಪೊಟ್ಟಣವನ್ನು ಕಳಿಸಿಕೊಡುವಿರಾ?

ನಿಮ್ಮ ವಿಧೇಯ,
ಸಂಘಮಿತ್ರಾ


ಧಾರವಾಡ
೩ ಅಕ್ಟೋಬರ್ ೨೦೨೩

ಸಂಘಮಿತ್ರಾ ಅವರಿಗೆ,

ನಿಮ್ಮ ಕಾಗದ ಮುಟ್ಟಿತು. ಅಕ್ಷರ ಚೆನ್ನಾಗಿದೆ. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಾಪಿ ತಿದ್ದಿದವಳಾದ್ದರಿಂದ ಅದು ಮೊದಲು ಕಣ್ಣಿಗೆ ಬೀಳುತ್ತದೆ.

ಫೋನ್ ಇಟ್ಟಿದ್ದು ನಿಜ. ನಿಮ್ಮ ಹೆಸರನ್ನು ಈ ಮನೆಯಲ್ಲಿ ಆರು ವರ್ಷ ಬೇಕಾದಷ್ಟು ಕೇಳಿದ್ದೇನೆ. ಊಟಕ್ಕೆ ಕೂತಾಗ ಸಂಘಮಿತ್ರಾ ಹೀಗೆ ಮಾಡಿದಳು, ಮಲಗುವ ಮುಂಚೆ ಸಂಘಮಿತ್ರಾ ಹಾಗೆ ಹೇಳಿದಳು. ಅವರು ಹೋದ ಮೇಲೆ ಕೇಳುವುದು ಬೇಡವೆನಿಸಿತು.

ಟಿಪ್ಪಣಿ ಪುಸ್ತಕ ನೋಡಿದೆ. ಉಣಕಲ್‌ನದು ೪೪. ಇದರೊಂದಿಗೆ ಕಳಿಸಿದ್ದೇನೆ. ಪುಸ್ತಕವನ್ನು ಕಳಿಸಲಾರೆ, ಅದು ಅವರ ಕೈಬರಹ.

ಚನ್ನಬಸವ್ವ


ಶಿಲ್ಲಾಂಗ್
೨೦ ನವೆಂಬರ್ ೨೦೨೩

ಮಾನ್ಯರೇ,

ಪೊಟ್ಟಣ ಜೋಪಾನವಾಗಿ ತಲುಪಿತು. ತುಂಬಾ ಉಪಕಾರವಾಯಿತು. ಒಂದೂವರೆ ತಿಂಗಳಿಂದ ಅದರ ಮೇಲೆ ಕೂತಿದ್ದೇನೆ. ಗಾಜಿನ ತಟ್ಟೆಯಲ್ಲಿ ಬೂಷ್ಟು ಬೆಳೆಸಿ, ನಡುವೆ ಈ ಸತ್ವದ ಹನಿ ಇಟ್ಟರೆ ಸುತ್ತಲೂ ಬೂಷ್ಟಿಲ್ಲದ ಬರಿದಾದ ಉಂಗುರ ಬೀಳಬೇಕು. ಧಾರವಾಡದಲ್ಲಿ ಬಿದ್ದಿತ್ತು. ಸರ್ ಅದನ್ನು ಕಂಡು ಮೇಜು ಗುದ್ದಿ ನಕ್ಕಿದ್ದರು. ಇಲ್ಲಿ ಬೀಳುತ್ತಿಲ್ಲ. ಮೂರು ಸಲ ಮಾಡಿದೆ. ನನ್ನ ಕೈಯಲ್ಲೇ ಏನೋ ತಪ್ಪಾಗುತ್ತಿದೆ.

ಒಂದು ಸಹಾಯ ಕೇಳಲೇ? ಪುಸ್ತಕದಲ್ಲಿ ಪ್ರತಿ ಗಿಡದ ಮುಂದೆ "ವಾಸನೆ" ಎಂಬ ಕಾಲಂ ಇದೆ. ೪೪ರ ಮುಂದೆ ಏನಿದೆ, ಬರೆದು ಕಳಿಸಿ. ಹಸಿ ಎಲೆಯನ್ನು ಬೆರಳಲ್ಲಿ ತಿಕ್ಕಿದರೆ ಬರುವ ವಾಸನೆಯಿಂದಲೇ ಒಳಗಿನ ರಸಾಯನ ಯಾವ ಜಾತಿಯದೆಂದು ಅರ್ಧ ಗೊತ್ತಾಗುತ್ತದೆ. ಸರ್ ಮೂಗು ಅಂಥದು. ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ: ಅವರ ಆ ಕಾಲಂ ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಾನು "ಖಾರ" ಎಂದು ಬರೆದ ಕಡೆ ಅವರು "ಹಪ್ಪಳ ಕರಿದ ಎಣ್ಣೆಗೆ ನೀರು ಸಿಡಿದ ಹಾಗೆ" ಎಂದು ಬರೆಯುತ್ತಿದ್ದರು. ಆರು ವರ್ಷದಲ್ಲಿ ಅಂಥ ಒಂದು ಸಾಲು ನನಗೆ ಬರಲಿಲ್ಲ.

ಸಂಘಮಿತ್ರಾ


ಧಾರವಾಡ
೯ ಡಿಸೆಂಬರ್ ೨೦೨೩

ಸಂಘಮಿತ್ರಾ ಅವರಿಗೆ,

ನಿಮ್ಮ ಕಾಗದ ಓದಿ ಬಹಳ ಹೊತ್ತು ಅಡಿಗೆಮನೆಯ ಮಣೆಯ ಮೇಲೆ ಕೂತಿದ್ದೆ.

ಅವರಿಗೆ ಮೂಗೇ ಇರಲಿಲ್ಲ. ೨೦೧೧ರಲ್ಲಿ ಒಂದು ಜ್ವರ ಬಂದು ಹೋದ ಮೇಲೆ ವಾಸನೆ ತಿಳಿಯುವುದು ನಿಂತೇ ಹೋಯಿತು. ಹಾಲು ಸೀದರೂ ಗೊತ್ತಾಗುತ್ತಿರಲಿಲ್ಲ. ವಿದ್ಯಾರ್ಥಿಗಳಿಗೆ ತಿಳಿಯಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಮಳೆಗಾಲದಲ್ಲಿ ಸಂಜೆ ಒದ್ದೆ ಬಟ್ಟೆಯಲ್ಲಿ ಪೊಟ್ಟಣ ಸುತ್ತಿಕೊಂಡು ಬಂದು, ಚಪ್ಪಲಿ ಬಿಡುವ ಮೊದಲೇ ಕೂಗುತ್ತಿದ್ದರು.

"ಚನ್ನಾ, ಇದನ್ನ ತಿಕ್ಕಿ ಮೂಸು. ಏನ ಅನಸ್ತೈತಿ ಲಗೂನ ಹೇಳು."

"ಕೈ ಹಿಟ್ಟಾಗೈತ್ರೀ, ತಡೀರಿ."

"ಹಿಟ್ಟು ಕಾಯ್ತೈತಿ, ಇದು ಕಾಯಂಗಿಲ್ಲ."

ನಾನು ಹೇಳುತ್ತಿದ್ದೆ, ಅವರು ಬರೆಯುತ್ತಿದ್ದರು. ಹಪ್ಪಳದ ಮಾತು ನನ್ನದು. ಅದು ಹುಡುಗಾಟ ಎಂದುಕೊಂಡಿದ್ದೆ. ಅದನ್ನು ನೋಡಿ ಒಬ್ಬರು ಹೊಟ್ಟೆಕಿಚ್ಚು ಪಡುತ್ತಾರೆಂದು ನನಗೆ ಹೇಗೆ ಗೊತ್ತಾಗಬೇಕು?

೪೪ರ ಮುಂದೆ "ಅಣಬೆ ಹುರಿದ ಬಾಣಲೆ" ಎಂದಿದೆ.

ಈಗ ನಾನೊಂದು ಕೇಳುತ್ತೇನೆ. ಅದೇ ಪುಸ್ತಕದಲ್ಲಿ, ೨೦೨೨ರ ಆಗಸ್ಟ್ ತಿಂಗಳ ಹಾಳೆಯಲ್ಲಿ, ಅಂಚಿಗೆ ಅವರು "ಮಿತ್ರಿನ್" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಮೂವತ್ತೈದು ವರ್ಷದಲ್ಲಿ ಅವರು ನನ್ನ ಹೆಸರಿನ ಕೆಳಗೆ ಗೆರೆ ಎಳೆದದ್ದು ರೇಷನ್ ಕಾರ್ಡಿನ ಅರ್ಜಿಯಲ್ಲಿ ಮಾತ್ರ. ಮಿತ್ರಿನ್ ಎಂದರೆ ಏನು?

ಚನ್ನಬಸವ್ವ


ಶಿಲ್ಲಾಂಗ್
೨೮ ಜನವರಿ ೨೦೨೪

ಚನ್ನಬಸವ್ವನವರೇ,

ಉತ್ತರ ತಡವಾಯಿತು. ನಿಮ್ಮ ಕಾಗದವನ್ನು ಎಷ್ಟೋ ಸಲ ಓದಿದೆ. ಆ ಸಾಲುಗಳು ನಿಮ್ಮವು! ಮೊದಲು ಸಿಟ್ಟು ಬಂತು, ಸರ್ ಮೇಲೆ. ಆಮೇಲೆ ನಿಮ್ಮ ಮೇಲೆ, ಏಕೆಂದು ಗೊತ್ತಿಲ್ಲ.

ಮಿತ್ರಿನ್ ಎಂಬುದು ಆ ರಸಾಯನಕ್ಕೆ ಸರ್ ಇಟ್ಟ ಹೆಸರು. ಹೊಸ ರಸಾಯನ ಸಿಕ್ಕರೆ ಊರಿನದೋ ಗಿಡದ್ದೋ ಯಾರದೋ ಹೆಸರು ಇಡುವುದುಂಟು. ಅದನ್ನು ಬೇರ್ಪಡಿಸಿದವಳು ನಾನು, ಆದ್ದರಿಂದ ನನ್ನ ಹೆಸರು. ಆದರೆ ರಚನೆ ತಿಳಿಯುವವರೆಗೆ ಹೆಸರಿಗೆ ಬೆಲೆಯಿಲ್ಲ, ಈಗ ಅದಕ್ಕೆ ಬೆಲೆ ಬರುವುದೂ ಇಲ್ಲ. ಇಲ್ಲಿಯ ಪ್ರಯೋಗಾಲಯದ ಹಿರಿಯರು ನನ್ನ ಧಾರವಾಡದ ಫಲಿತಾಂಶವೇ ತಪ್ಪು, ಕೊಳೆ ಪಾತ್ರೆಯಿಂದ ಬಂದದ್ದು ಎಂದು ಹೇಳಿದರು. ಐದು ಸಲ ಮಾಡಿಯೂ ಉಂಗುರ ಬೀಳಲಿಲ್ಲವಾದ್ದರಿಂದ ನಾನೂ ಒಪ್ಪಿಕೊಂಡೆ. ಸರ್ ಜೊತೆ ಬರೆದ ಲೇಖನವನ್ನು ಹಿಂದಕ್ಕೆ ಪಡೆಯುತ್ತೇನೆಂದು ನಿನ್ನೆ ಪತ್ರಿಕೆಗೆ ಬರೆದು ಕಳಿಸಿದೆ. ಮಾರ್ಚ್ ನಂತರ ಕೆಲಸ ಮುಂದುವರಿಯುವುದಿಲ್ಲ.

ನೀವು ಕೇಳಿದ ರೀತಿ ನನ್ನನ್ನು ಚುಚ್ಚಿತು, ಅದಕ್ಕೆ ನಾನೂ ಒಂದು ಕೇಳುತ್ತೇನೆ. ನಾನು ನಿಮ್ಮ ಮನೆಗೆ ಎರಡು ಸಲ ಬಂದಿದ್ದೆ. ಎರಡೂ ಸಲ ನನ್ನ ಜೊತೆ ಕಲಿಯುತ್ತಿದ್ದ ಪ್ರಸಾದ, ವಿದ್ಯಾ ಒಳಗೆ ಕೂತು ಸ್ಟೀಲ್ ಲೋಟದಲ್ಲಿ ಚಹಾ ಕುಡಿದರು. ನನಗೆ ಕಟ್ಟೆಯ ಮೇಲೆ ಕಾಗದದ ಕಪ್ಪು ಬಂತು. ಮನೆಗೆ ಹೋಗಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಕಪ್ಪು ಒಗದು ಬಂದೆ, ಇಲ್ಲಾ ಮನಿಗೆ ತಂದೆ?" ಬೌದ್ಧರ ಮನೆಯ ಹುಡುಗಿಗೆ ಆ ಕಪ್ಪು ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಂಘಮಿತ್ರಾ


ಧಾರವಾಡ
೧೦ ಫೆಬ್ರವರಿ ೨೦೨೪

ಸಂಘಮಿತ್ರಾ,

ಆ ಲೇಖನ ಹಿಂದಕ್ಕೆ ಪಡೆಯಬೇಡ. ಕಳಿಸಿದ್ದರೆ ತಡೆ. ನಿನ್ನ ಕೈ ತಪ್ಪು ಮಾಡಿಲ್ಲ.

ಉಣಕಲ್‌ನದು ೪೧. ನಾನು ಸುಳ್ಳು ಬರೆದೆ. ನಿನ್ನ ಮೊದಲ ಕಾಗದ ಬಂದ ದಿನ ಪುಸ್ತಕ ತೆಗೆದೆ, ಹುಡುಕುವಾಗ "ಮಿತ್ರಿನ್" ಕಣ್ಣಿಗೆ ಬಿತ್ತು. ೪೧ರ ಪೊಟ್ಟಣವನ್ನು ಹಿತ್ತಲಿಗೆ ಒಯ್ದು ಕರಿಬೇವಿನ ಬುಡಕ್ಕೆ ಸುರಿದು ಒಂದು ತಂಬಿಗೆ ನೀರು ಹಾಕಿದೆ. ನಿನಗೆ ೪೪ ಕಳಿಸಿದೆ. ಪಕ್ಕದ ಮನೆಯ ಬುಶ್ರಾ ಕಾಂಪೌಂಡಿನ ಆಚೆಯಿಂದ "ಏನ್ ಗೊಬ್ಬರ ಹಾಕಾಕತ್ತೀರಿ ಅಕ್ಕಾರ?" ಎಂದು ಕೇಳಿದಳು. "ಹೂಂವಾ, ಹಳೇ ಗೊಬ್ಬರ" ಎಂದೆ.

ನಿನಗೆ ಒಂದು ದಿನದ ಕೆಲಸ ಕೆಡಲಿ, ಒಮ್ಮೆ ತಲೆ ಕೆಡಲಿ ಎಂದಷ್ಟೇ ಇತ್ತು. ನೀನು ನಿನ್ನನ್ನೇ ಸುಳ್ಳುಗಾರ್ತಿ ಎಂದುಕೊಳ್ಳುವೆ ಎಂದು ಯೋಚಿಸಲಿಲ್ಲ. ಡಿಸೆಂಬರ್‌ನಲ್ಲಿ ಬರೆಯುವಾಗಲೇ ಹೇಳಬಹುದಿತ್ತು, ಹೇಳಲಿಲ್ಲ. ಆಗ ಹೇಳಿದ್ದರೆ ನಿನ್ನ ಲೇಖನವಾದರೂ ಉಳಿಯುತ್ತಿತ್ತು.

ಕಪ್ಪಿನ ಮಾತು. ಅದು ಜಾತಿಯಲ್ಲ, ನಿನ್ನ ಮೇಲಿನ ಹೊಟ್ಟೆಕಿಚ್ಚು ಎಂದು ಬರೆದು, ಆ ಕಾಗದ ಹರಿದು ಹಾಕಿದೆ. ವಿದ್ಯಾಳ ಮೇಲೆ ಹೊಟ್ಟೆಕಿಚ್ಚು ಬಂದಿದ್ದರೆ ನಾನು ಅವಳಿಗೆ ಚಹಾ ಕೊಡದೇ ಇರುತ್ತಿದ್ದೆ. ಕಾಗದದ ಕಪ್ಪು ಹುಡುಕಿ ತರುತ್ತಿರಲಿಲ್ಲ. ಎರಡನ್ನೂ ಬೇರೆ ಮಾಡಿ ತೋರಿಸಲು ನನಗೆ ಬರುವುದಿಲ್ಲ. ಕ್ಷಮೆ ಕೇಳಿದರೆ ಸಣ್ಣದಾಗುತ್ತದೆ, ಆದರೂ ಕೇಳುತ್ತೇನೆ.

ಒಂದು ನಿಜ ಹೇಳು. ಮತ್ತೆ ಕೇಳುವುದಿಲ್ಲ. ನಿನಗೂ ಅವರಿಗೂ ಏನಿತ್ತು?

ಚನ್ನಬಸವ್ವ


ಧಾರವಾಡ
೧೯ ಏಪ್ರಿಲ್ ೨೦೨೪

ಸಂಘಮಿತ್ರಾ,

ಎರಡು ತಿಂಗಳಾಯಿತು. ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಸರಿಯೇ. ತಪ್ಪು ಪೊಟ್ಟಣ ಕಳಿಸಿದವಳು ನಾನೆಂದು ನಿನ್ನ ಹಿರಿಯರಿಗೆ ಬರೆದುಕೊಡಲು ಸಿದ್ಧಳಿದ್ದೇನೆ. ವಿಳಾಸ ಕಳಿಸು.

ಚನ್ನಬಸವ್ವ


ಗಬ್ಬೂರ, ಹುಬ್ಬಳ್ಳಿ
೨ ಜೂನ್ ೨೦೨೪

ಚನ್ನಬಸವ್ವನವರೇ,

ಏಪ್ರಿಲ್‌ನಿಂದ ಅಪ್ಪನ ಮನೆಯಲ್ಲಿದ್ದೇನೆ. ಧಾರವಾಡಕ್ಕೆ ಒಂದು ಗಂಟೆಯ ದಾರಿ. ಆದರೂ ಕಾಗದವೇ ಇರಲಿ. ನಿಮ್ಮ ಮುಖ ನೋಡಿದರೆ ಏನು ಮಾತಾಡುವೆನೋ ಗೊತ್ತಿಲ್ಲ.

ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಬಣ್ಣದ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ ಸಿಕ್ಕಿದೆ. ದಿನವೂ ಒಂದೇ ಬಿಳಿ ಬಣ್ಣದ ಡಬ್ಬಿಯಲ್ಲಿ ಕಡ್ಡಿ ಅದ್ದಿ, ಎಷ್ಟು ಬಿಳಿ ಎಂದು ಬರೆಯುತ್ತೇನೆ. ಲೇಖನ ಹೋಯಿತು. ನಿಮ್ಮ ಕಾಗದ ತಲುಪುವ ಮೊದಲೇ ಪತ್ರಿಕೆಯವರು ಹಿಂದಕ್ಕೆ ಪಡೆದ ಪ್ರಕಟಣೆ ಹಾಕಿದ್ದರು. ಹಿರಿಯರಿಗೆ ನೀವು ಬರೆಯುವುದು ಬೇಡ. ಹೊಸ ಸಾಕ್ಷಿ ಇಲ್ಲದೆ ಒಬ್ಬ ವಿಧವೆಯ ಕಾಗದವನ್ನು ಯಾರೂ ಓದುವುದಿಲ್ಲ. ನೀವು ಕೆಡಿಸಿದ್ದು ಒಂದು ಪೊಟ್ಟಣವಲ್ಲ. ನಾಲ್ಕು ತಿಂಗಳು ನಾನು ನನ್ನ ಕೈಯನ್ನೇ ಕಳ್ಳನನ್ನು ನೋಡುವ ಹಾಗೆ ನೋಡಿದೆ.

ನೀವು ಕೇಳಿದ್ದಕ್ಕೆ ಉತ್ತರ. ನಾನು ಅವರನ್ನು ಪ್ರೀತಿಸಿದ್ದೆ. ಎರಡು ವರ್ಷ. ಹೇಳಲಿಲ್ಲ, ಅವರು ಕೇಳಲಿಲ್ಲ. ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಹೆಸರಿಟ್ಟ ದಿನ ನನಗೆ ಬಸ್ಸಿನಲ್ಲಿ ಅಳು ಬಂತು, ಸಂತೋಷಕ್ಕೆ. ಅದನ್ನು ನಾನು ನಿಮಗಾಗಿ ಸಣ್ಣದು ಮಾಡಿ ಹೇಳುವುದಿಲ್ಲ.

ಉಳಿದದ್ದನ್ನೂ ಕೇಳಿ. ಗೋಡೆಯಿಂದ ಹಾವಸೆ ಕಿತ್ತೊಡನೆ ಅವರಿಗೆ ಕಾಲು ನಿಲ್ಲುತ್ತಿರಲಿಲ್ಲ.

"ಸರ್, ಇಲ್ಲೇ ಮೂಸಿ ಬರದುಬಿಡ್ರಿ, ನಾ ಹಾಳಿ ಹಿಡೀತೇನಿ" ಎನ್ನುತ್ತಿದ್ದೆ.

"ಬ್ಯಾಡವಾ. ನಮ್ಮ ಮನ್ಯಾಗ ಬೆಳಕು ಛಲೋ ಐತಿ" ಎನ್ನುತ್ತಿದ್ದರು.

ಬೆಳಕಿಗೂ ಮೂಗಿಗೂ ಏನು ಸಂಬಂಧ ಎಂದು ನಾನು ಪ್ರಯೋಗಾಲಯದ ಕಿಟಕಿಯಲ್ಲಿ ನಿಂತು ಅವರ ಸ್ಕೂಟರ್ ಹೋಗುವುದನ್ನು ನೋಡುತ್ತಿದ್ದೆ. ಇವರನ್ನು ಇಷ್ಟು ಅವಸರದಲ್ಲಿ ಎಳೆದುಕೊಳ್ಳುವ ಹೆಂಗಸು ಹೇಗಿರಬಹುದು ಎಂದು ಹೊಟ್ಟೆ ಉರಿಯುತ್ತಿತ್ತು. ನಿಮ್ಮ ಡಿಸೆಂಬರ್ ಕಾಗದ ಓದಿದಾಗ ಸಿಟ್ಟು ಏಕೆ ಬಂತೆಂದು ಈಗ ಗೊತ್ತಾಗಿದೆ. ಕೆಲಸ ಒಂದಾದರೂ ನನ್ನದು ಎಂದುಕೊಂಡಿದ್ದೆ. ಅದರಲ್ಲೂ ನೀವು ಮೊದಲೇ ಕೂತಿದ್ದಿರಿ.

ಇದು ಕ್ಷಮೆಯಲ್ಲ.

ಸಂಘಮಿತ್ರಾ


ಧಾರವಾಡ
೧೪ ಜುಲೈ ೨೦೨೪

ಸಂಘಮಿತ್ರಾ,

ಕ್ಷಮೆಯಲ್ಲ ಎಂದು ಬರೆದದ್ದು ಒಳ್ಳೆಯದಾಯಿತು. ನೀನು ಏನೂ ಇರಲಿಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಇತ್ತು ಎಂದದ್ದನ್ನು ಓದಿ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಹಸಿವಾಯಿತು, ಉಂಡೆ.

ಮಳೆ ಹಿಡಿದು ಹತ್ತು ದಿನವಾಗಲೆಂದು ಕಾದು, ನಿನ್ನೆ ಉಣಕಲ್‌ಗೆ ಹೋದೆ. ಬಡೇಸಾಬನ ಆಟೋ ಮಾಡಿಕೊಂಡೆ, ಅವನೇ ನಿಮ್ಮ ಸರ್ ಅವರನ್ನೂ ಸ್ಕೂಟರ್ ಕೆಟ್ಟಾಗ ಒಯ್ಯುತ್ತಿದ್ದವನು. ಗೋಡೆಯ ಮೇಲಿನ ಹಾವಸೆ ಬೇಸಿಗೆಗೆ ಒಣಗಿ ಕಪ್ಪಾಗಿ ಪುಡಿಯಾಗಿದೆ. ಸೆರಗು ಸಿಕ್ಕಿಸಿ, ಕೋಡಿಯ ಕಲ್ಲಿನ ಮೇಲೆ ಕೂತು ತೆವಳುತ್ತ ಒಂದೊಂದೇ ಸಂದಿ ನೋಡಿದೆ. ಬಡೇಸಾಬ ಮೇಲಿನಿಂದ ಕೊಡೆ ಹಿಡಿದಿದ್ದ.

"ಅಮ್ಮಾರ, ಏನ್ ಕಳಕೊಂಡೀರಿ? ನಾ ಹುಡಕ್ತೇನಿ ಬಿಡ್ರಿ."

"ಕಳಕೊಂಡಿಲ್ಲೋ. ಗ್ವಾಡಿ ಮೂಸಾಕತ್ತೇನಿ."

"ಗ್ವಾಡೀನ?" ಎಂದು ಬಗ್ಗಿ ನೋಡಿ, "ಸಾಹೇಬರು ಹೋದ ಮ್ಯಾಲೆ ಹಿಂಗ ಆಗೇತೇನ್ರಿ?" ಎಂದು ಮೆಲ್ಲಗೆ ಕೇಳಿದ. ನಗು ಬಂತು. ಅವರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಕೊನೆಗೆ, ನೀರು ಜಿನುಗುವ ಒಂದು ಬಿರುಕಿನಲ್ಲಿ ಅಂಗೈಯಷ್ಟು ಹಸಿರು ಸಿಕ್ಕಿತು. ಒಂದೆಲೆ ತಿಕ್ಕಿದೆ. ಅಣಬೆಯಲ್ಲ. ನಿಂಬೆಗಿಡದ ಚಿಗುರು. ಪುಸ್ತಕದಲ್ಲಿ ೪೧ರ ಮುಂದೆಯೂ ಅದೇ ಇದೆ. ಕಾಲು ಭಾಗ ಮಾತ್ರ ತೆಗೆದು ಉಳಿದದ್ದನ್ನು ಬಿಟ್ಟೆ. ತಂದದ್ದು ಮಣ್ಣಿನ ಕುಡಿಕೆಯಲ್ಲಿ ಒದ್ದೆ ಕಲ್ಲಿನ ಮೇಲೆ ಬದುಕಿದೆ. ಅಂಚೆಗೆ ಹಾಕಲಾರೆ. ಎಲ್ಲಿಗೆ ತರಲಿ, ಹೇಳು.

ಚನ್ನಬಸವ್ವ


ಗಬ್ಬೂರ
೨೦ ಜುಲೈ ೨೦೨೪

ಚನ್ನಬಸವ್ವನವರೇ,

ಕುಡಿಕೆಯನ್ನು ಬಿಸಿಲಿಗೆ ಇಡಬೇಡಿ. ಗುರುವಾರ ನನಗೆ ರಜೆ, ಗಬ್ಬೂರಿಗೆ ತನ್ನಿ. ಬೂಷ್ಟು ಬೆಳೆಸುವ ಗಾಜಿನ ತಟ್ಟೆಗಳನ್ನು ಮನೆಯ ಕುಕ್ಕರಿನಲ್ಲೇ ಬೇಯಿಸಿ ಇಟ್ಟಿರುತ್ತೇನೆ. ಬೈಪಾಸ್ ಹತ್ತಿರ ಇಳಿದರೆ ಅಪ್ಪ ಬಂದಿರುತ್ತಾರೆ. ಹುಲಗಪ್ಪ ಎಂದು ಅವರ ಹೆಸರು. ಅವರಿಗೆ ಎಲ್ಲ ಹೇಳಿದ್ದೇನೆ, ಪೊಟ್ಟಣವನ್ನೂ, ಕಪ್ಪನ್ನೂ. ಅವರು ಏನಾದರೂ ಅಂದರೆ ನಾನು ತಡೆಯುವುದಿಲ್ಲ.

ಸಂಘಮಿತ್ರಾ


ಧಾರವಾಡ
೬ ಆಗಸ್ಟ್ ೨೦೨೪

ಸಂಘಮಿತ್ರಾ,

ನಿನ್ನೆ ಫೋನಿನಲ್ಲಿ ನೀನು "ಉಂಗುರ ಬಿದ್ದೈತ್ರೀ, ಮೂರೂ ತಟ್ಟೀಗೆ!" ಎಂದು ಚೀರಿದಾಗ ನಾನು ಬರೀ "ಛಲೋ ಆತು" ಎಂದು ಇಟ್ಟುಬಿಟ್ಟೆ. ಬೇಜಾರು ಮಾಡಿಕೊಂಡಿರಬೇಕು. ಫೋನಿನಲ್ಲಿ ಹೇಳಲಾಗದ್ದು ಒಂದಿತ್ತು.

ಮೊದಲು ನಿನ್ನ ಅಪ್ಪನ ಮಾತು. ಆ ಗುರುವಾರ ಬೈಪಾಸಿನಿಂದ ಅವರೇ ನನ್ನನ್ನು ಕರೆದುಕೊಂಡು ಬಂದರು. ಕಾಲುವೆ ದಾಟುವಾಗ ನಿಂತು, "ನನ್ನ ಮಗಳು ಆರು ತಿಂಗಳು ಸರಿಯಾಗಿ ಉಂಡಿಲ್ರಿ. ನಿಮಗ ಗೊತ್ತಿರಲಿ ಅಂತ ಹೇಳಿದೆ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇನ್ನು ನನ್ನ ಮಾತು. ಅಂದು ನೀನು ಎಲೆ ತಿಕ್ಕಿ, ಕಣ್ಣು ಮುಚ್ಚಿ ಮೂಸಿದೆ. ನಾನು "ನಿಂಬಿ ಚಿಗುರು, ಅಲ್ಲೇನ?" ಎಂದೆ. ನೀನು ತಲೆ ಅಲ್ಲಾಡಿಸಿ, "ಕಿತ್ತಳಿ ಸುಲದ ಕೈಲೇ ಪೆನ್ಸಿಲ್ ಚೂಪ ಮಾಡಿಧಾಂಗ" ಎಂದೆ. ನಾನು ಮತ್ತೆ ಮೂಸಿದೆ. ಖರೇ. ಪೆನ್ಸಿಲ್ಲಿನ ಹೊಟ್ಟು. ಮೂವತ್ತೆರಡು ವರ್ಷ ಮಕ್ಕಳ ಪೆನ್ಸಿಲ್ ಕೆತ್ತಿಕೊಟ್ಟವಳು ನಾನು. ಹತ್ತು ವರ್ಷಕ್ಕೂ ಮಿಗಿಲಾಗಿ ಈ ಎಲೆ ಮೂಸಿದವಳು ನಾನು. ನನಗೆ ಹೊಳೆಯಲಿಲ್ಲ, ನಿನಗೆ ಹೊಳೆಯಿತು. ಮನೆಗೆ ಬರುವವರೆಗೆ ಬಸ್ಸಿನಲ್ಲಿ ಹೊಟ್ಟೆ ಉರಿದು ಬೂದಿಯಾಯಿತು. ಅವರ ನೆನಪು ಅದರಲ್ಲಿ ಒಂದು ಚೂರೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಹೊಟ್ಟೆಕಿಚ್ಚು ಬಂದದ್ದು ನನಗಾಗಿ.

ಆದ್ದರಿಂದ ಎರಡು ಮಾತು. ಆ ರಸಾಯನಕ್ಕೆ ಮಿತ್ರಿನ್ ಎಂದೇ ಹೆಸರಿಡು. ನನಗೆ ಇನ್ನೂ ಚುಚ್ಚುತ್ತದೆ, ಆದರೂ ಇಡು. ಹೊಸ ಲೇಖನ ಬರೆಯುವಾಗ ನಿನ್ನ ಹೆಸರಿನ ಕೆಳಗೆ ನನ್ನದನ್ನೂ ಬರೆ. ಶಿವಯೋಗೀಶರ ಪತ್ನಿ ಎಂದಲ್ಲ, ಕೃತಜ್ಞತೆಯ ಸಾಲಿನಲ್ಲೂ ಅಲ್ಲ. ಚನ್ನಬಸವ್ವ ಎಂದು, ಕೆಲಸ ಮಾಡಿದವರ ಸಾಲಿನಲ್ಲಿ.

ಬಡೇಸಾಬ ನಿನ್ನೆ ಕಲಘಟಗಿ ರಸ್ತೆಯ ಹಳ್ಳದಿಂದ ಮೂರು ಹೊಸ ತರಹದ ಹಾವಸೆ ಕಿತ್ತು ತಂದಿದ್ದಾನೆ. ಇವತ್ತಿನ ಬಸ್ಸಿನಲ್ಲಿ ಬುಶ್ರಾಳ ಕೈಯಲ್ಲಿ, ಈ ಕಾಗದದ ಜೊತೆ, ಒದ್ದೆ ಬಟ್ಟೆ ಸುತ್ತಿ ಕಳಿಸುತ್ತಿದ್ದೇನೆ, ನಿನ್ನ ತಂಪು ಪೆಟ್ಟಿಗೆಯಲ್ಲಿಡು. ಗುರುವಾರ ಹತ್ತು ಗಂಟೆಗೆ ನಾನು ಅಲ್ಲಿರುತ್ತೇನೆ. ಅಲ್ಲಿಯವರೆಗೆ ಒಂದೆಲೆಯನ್ನೂ ತಿಕ್ಕಬೇಡ.

ಚನ್ನಬಸವ್ವ